ಧ್ವನಿಸಂಸ್ಕಾರ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮಗ್ಗುಲಲ್ಲಿರುವ ಊರು ಮಾಚೇನಹಳ್ಳಿ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಹಗಲಿರುಳೆನ್ನದೆ ಸಾಗುವ ಲಾರಿಗಳು. ಇಂತಹ ಊರಿನ ಒಂದು ಮನೆಯಲ್ಲಿ ಕುಳಿತು ಸಂಗೀತವನ್ನು ಸಿದ್ಧಪಡಿಸಲು ಹೊರಟ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನಲ್ಲಿದ್ದುದು ಒಂದು ಗಣಕಯಂತ್ರ, ಒಂದು ಮೈಕು, ಒಂದು ಹೆಡ್‌ಫೋನು, ಇಷ್ಟೆ. ನೆರೆಮನೆಯ ಹಿರಿಯರು ಡೊಳ್ಳು ಬಾರಿಸುವುದರಲ್ಲಿ ನುರಿತವರು. ಅವರನ್ನು ಬೇಡಿಕೊಂಡು ಅವನು ಕೆಲವು ಪೆಟ್ಟುಗಳನ್ನು ಮುದ್ರಿಸಿಕೊಂಡನು. ಹೀಗೆ ಹಿಡಿದಿಟ್ಟ ಧ್ವನಿಯ ತುಣುಕಿಗೆ ಸಂಗೀತಗಾರರು ‘ಸ್ಯಾಂಪಲ್’ ಎನ್ನುತ್ತಾರೆ. ಒಂದೇ ತುಣುಕನ್ನು ಬೇಕಾದೆಡೆಯಲ್ಲೆಲ್ಲ ಇರಿಸಿ ತಾಳವೊಂದನ್ನು ಕಟ್ಟಬಹುದು.

ಮುದ್ರಿಸಿದ್ದನ್ನು ಕೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಡೊಳ್ಳಿನ ಹಿಂದೆ ಲಾರಿಯ ಗುಡುಗು, ಫ್ಯಾನಿನ ಬೀಸು, ಪಕ್ಕದ ಅಡುಗೆಮನೆಯ ಕುಕ್ಕರಿನ ಸಿಳ್ಳು, ಇವೆಲ್ಲದರ ತಳದಲ್ಲಿ ಎಡೆಬಿಡದ ಒಂದು ಗುಂಯ್‌ಗುಡುವಿಕೆ. ಬಾರಿಸುವಾಗ ಇವಾವುವೂ ಅವನಿಗೆ ಕೇಳಿಸಿರಲಿಲ್ಲ. ಕಿವಿಗೆ ಎಲ್ಲವೂ ಬಿದ್ದಿದ್ದರೂ ಮನಸ್ಸು ಬೇಕಾದುದನ್ನು ಮಾತ್ರ ಆರಿಸಿಕೊಂಡಿತ್ತು. ಮೈಕಿಗೆ ಇಂತಹ ಮನಸ್ಸಿಲ್ಲ.

ಗಣಕಯಂತ್ರವು ಧ್ವನಿಯನ್ನು ಅಂಕಿಗಳ ರೂಪದಲ್ಲಿ ಹಿಡಿಯುತ್ತದೆ. ಸಾಮಾನ್ಯವಾಗಿ ಅದು ಒಂದು ಸೆಕೆಂಡಿನಲ್ಲಿ 44,100 ಬಾರಿ ಧ್ವನಿಯ ಅಲೆಯನ್ನು ಅಳೆಯುತ್ತದೆ. ಈ ಸಂಖ್ಯೆಗೆ ಕಾರಣವುಂಟು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಒಂದು ಕಂಪನವನ್ನು ಗುರುತಿಸಬೇಕಾದರೆ ಎರಡಕ್ಕಿಂತ ಹೆಚ್ಚು ಅಳತೆಗಳು ಬೇಕು. ಧ್ವನಿ ಅಂಕಿಗಳಾದ ಮೇಲೆ ಅದನ್ನು ಕೂಡಬಹುದು, ಕಳೆಯಬಹುದು, ಕತ್ತರಿಸಬಹುದು.

ಯುವಕನು ಕಳೆಯುವುದಕ್ಕೆ ತೊಡಗಿದನು. ಆ ಗುಂಯ್‌ಗುಡುವಿಕೆ ವಿದ್ಯುತ್ತಿನದು. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳುಳ್ಳದ್ದಾದುದರಿಂದ ಅದರ ಸದ್ದು 50, 100, 150 ಎಂಬ ಖಚಿತವಾದ ಸ್ಥಾನಗಳಲ್ಲಿರುತ್ತದೆ. ಅಷ್ಟನ್ನೇ ಕಿರಿದಾಗಿ ಕೊರೆದು ತೆಗೆದರೆ ಮಿಕ್ಕ ಧ್ವನಿಗೆ ಹೆಚ್ಚಿನ ಊನವಾಗದು. ಲಾರಿಯ ಗುಡುಗು ಇಷ್ಟು ಸುಲಭವಲ್ಲ. ಹಾಡುವವರ ಕಂಠವಾಗಿದ್ದರೆ 80 ಕಂಪನಗಳಿಗಿಂತ ಕೆಳಗಿನದನ್ನೆಲ್ಲ ಸೋಸಿ ಬಿಡಬಹುದಾಗಿತ್ತು. ಆದರೆ ಡೊಳ್ಳಿನ ಗಂಭೀರನಾದ ನೆಲೆಸಿರುವುದೂ ಆ ತಗ್ಗಿನಲ್ಲಿಯೇ! ಕಸದೊಡನೆ ಕಾಳನ್ನೂ ತೂರಿದಂತಾಗುತ್ತದೆ.

ಮತ್ತೊಂದು ಉಪಾಯವಿದೆ. ಯಾರೂ ಬಾರಿಸದಿರುವಾಗಿನ ಕೋಣೆಯ ಸದ್ದನ್ನು ಗಣಕಯಂತ್ರಕ್ಕೆ ತೋರಿಸಿ, ಇಂತಹುದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಗ್ಗಿಸೆಂದು ಹೇಳಬಹುದು. ಯುವಕನು ಇದನ್ನು ಮೂರು ಬಾರಿ ಮಾಡಿದನು. ಗದ್ದಲವೆಲ್ಲ ಅಡಗಿತು. ಹೆಮ್ಮೆಯಿಂದ ಅದನ್ನು ಹಿರಿಯರಿಗೆ ಕೇಳಿಸಿದನು. ಅವರು ಹೆಡ್‌ಫೋನನ್ನು ಕಿವಿಗೊತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಕೋಲು ಕೇಳ್ತದೆ ಕಣಪ್ಪಾ. ಕೈ ಎಲ್ಲಿ ಹೋಯ್ತು?” ಎಂದರು.

ಡೊಳ್ಳಿನ ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಅಂಗೈಯ ಪೆಟ್ಟು. ಚರ್ಮದ ಮೇಲೆ ಅಂಗೈ ಬಿದ್ದಾಗಿನ ಮೆಲುಸದ್ದು ಫ್ಯಾನಿನ ಬೀಸಿಗೆ ಸಮೀಪದ್ದಾಗಿದ್ದುದರಿಂದ ಗಣಕಯಂತ್ರವು ಅದನ್ನೂ ಕಸವೆಂದೇ ಎಣಿಸಿತ್ತು.

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಶುದ್ಧಿಮಾಡುವವರಿಗೂ ಇದೇ ಸಂಕಟ. ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರ ಗಾಯನವನ್ನು 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿಸಲಾಯಿತು. ಅಂತಹ ಅರಗಿನ ತಟ್ಟೆಗಳಲ್ಲಿ ಮುಳ್ಳು ಓಡುವಾಗಿನ ಚಟಪಟ ಸದ್ದು ಕ್ಷಣಮಾತ್ರದ್ದು. ಅದನ್ನು ತೆಗೆದು ಅಕ್ಕಪಕ್ಕದ ಧ್ವನಿಯಿಂದ ತೇಪೆ ಹಾಕಬಹುದು. ಆದರೆ ನಿರಂತರವಾದ ಸುಯ್ಯೆಂಬ ಸದ್ದು ಗಾಯಕಿಯ ಉಸಿರಿನೊಡನೆ, ಸಕಾರ ಶಕಾರಗಳೊಡನೆ ಬೆರೆತುಹೋಗಿರುತ್ತದೆ. ಅದನ್ನು ಪೂರ್ತಿಯಾಗಿ ಅಳಿಸಿದರೆ ನೀರಿನೊಳಗಿಂದ ಹಾಡಿದಂತೆ ಕೇಳುತ್ತದೆ. ಸ್ವಲ್ಪ ಸುಯ್ಯನ್ನು ಉಳಿಸುವುದೇ ಲೇಸು.

ಶುದ್ಧಿಯ ಅನಂತರ ಬರುವುದು ಆಕಾರ ಕೊಡುವ ಕೆಲಸ. ಪ್ರತಿಯೊಂದು ಧ್ವನಿಗೂ ಹುಟ್ಟು, ಇಳಿತ, ನಿಲುವು, ಅಡಗು ಎಂಬ ಅವಸ್ಥೆಗಳುಂಟು. ಇವುಗಳಲ್ಲಿ ಹುಟ್ಟಿನ ಮಹತ್ತ್ವ ದೊಡ್ಡದು. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊ ಕೇಂದ್ರದಲ್ಲಿದ್ದ ಪಿಯರ್ ಶೆಫರ್ ಎಂಬುವರು ಗಂಟೆಯ ನಾದದಿಂದ ಬಡಿತದ ಮೊದಲ ಕ್ಷಣವನ್ನು ಬಿಟ್ಟು ಉಳಿದುದನ್ನು ಮಾತ್ರ ಕೇಳಿದರು. ಅದು ಗಂಟೆಯಾಗಿ ಉಳಿಯದೆ ಊದುವ ವಾದ್ಯದಂತೆ ಕೇಳಿಸಿತು! ತುಣುಕಿನ ತಲೆಯನ್ನು ಅವಸರದಲ್ಲಿ ಕತ್ತರಿಸಿದರೆ ಡೊಳ್ಳಿಗೂ ಇದೇ ಗತಿ.

ಬಾಲವನ್ನು ಕತ್ತರಿಸುವುದರಲ್ಲಿಯೂ ಜಾಣ್ಮೆ ಬೇಕು. ಅಲೆ ಏರಿರುವಾಗ ಥಟ್ಟನೆ ತುಂಡರಿಸಿದರೆ ‘ಟಿಕ್’ ಎಂಬ ಸದ್ದು ಏಳುತ್ತದೆ. ಅಲೆ ಸೊನ್ನೆಯನ್ನು ದಾಟುವಲ್ಲಿ ಕತ್ತರಿಸಬೇಕು, ಇಲ್ಲವೆ ಮೆಲ್ಲಗೆ ಇಳಿಸಬೇಕು. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಆರಂಭವಾದ ಕಾಲದಲ್ಲಿ ರೇಡಿಯೊ ನಿಲಯಗಳಲ್ಲಿ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸುತ್ತಿದ್ದುದೂ ಬೆಸುಗೆ ಕಿವಿಗೆ ತಿಳಿಯಬಾರದೆಂದೇ.

ಯುವಕನು ತಾನು ಶುದ್ಧಿಮಾಡಿದ್ದನ್ನೆಲ್ಲ ಬದಿಗಿಟ್ಟು ಮತ್ತೆ ಮುದ್ರಿಸಲು ನಿಶ್ಚಯಿಸಿದನು. ಬೆಳಗಿನ ಜಾವವನ್ನು ಆರಿಸಿಕೊಂಡನು. ಫ್ಯಾನನ್ನೂ ಫ್ರಿಜ್ಜನ್ನೂ ನಿಲ್ಲಿಸಿದನು. ಸಿಮೆಂಟು ಗೋಡೆಗಳ ಮರುದನಿಯನ್ನು ಹೀರಲೆಂದು ಎರಡು ಕೌದಿಗಳನ್ನು ಇಳಿಬಿಟ್ಟನು. ಒಂದು ಮೈಕಿದ್ದ ಕಡೆ ಎರಡನ್ನು ತಂದು, ಒಂದನ್ನು ಕೋಲಿನ ಕಡೆಗೂ ಇನ್ನೊಂದನ್ನು ಅಂಗೈಯ ಕಡೆಗೂ ಸಮೀಪದಲ್ಲಿ ನಿಲ್ಲಿಸಿದನು. ಮಿತಿಮೀರಿದ ಅಲೆಯ ನೆತ್ತಿ ಕತ್ತರಿಸಿಹೋದರೆ ಮತ್ತೆ ಸರಿಪಡಿಸುವುದು ಕಷ್ಟವಾದುದರಿಂದ ಮಟ್ಟವನ್ನು ಸಾಕಷ್ಟು ತಗ್ಗಿಸಿದನು. ಐದು ಪೆಟ್ಟುಗಳು ಚೆನ್ನಾಗಿ ಬಂದವು. ಆರನೆಯದರ ನಡುವೆ ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ಕಾದಿದ್ದು ಹಿರಿಯರು ಮತ್ತೊಮ್ಮೆ ಬಾರಿಸಿದರು.