ಚಿಕ್ಕ ಬೇಟೆಗೆ ಯಾವ ರೈಫಲ್ಲು?

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಮಗ ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಮನೆ ಮಾಡಿಕೊಂಡು ನೌಕರಿಯಲ್ಲಿದ್ದಾರೆ. ಶನಿವಾರ ತೋಟಕ್ಕೆ ಬಂದು ಭಾನುವಾರ ಹಿಂದಿರುಗುತ್ತಾರೆ. ಅವರು ಬರೆದ ಪತ್ರದ ಸಾರಾಂಶ ಇದು: “ತಂದೆಯವರ ಬೀರುವಿನಲ್ಲಿ ಒಂದು .22 ಹಾರ್ನೆಟ್ ರೈಫಲ್ಲು, ಒಂದು 12 ಬೋರಿನ ಜೋಡಿ ನಳಿಗೆ ಕೋವಿ ಇವೆ. ಮೊಲ, ಕಾಡುಕೋಳಿಗೆ ಹಾರ್ನೆಟ್ ಸಾಕೆ, ಅಥವಾ ಬೇರೆ ಸಣ್ಣ ಬೋರಿನ ಸೆಂಟರ್ ಫೈರ್ ಕೊಳ್ಳಬೇಕೆ? ಕಾಡತೂಸು ಯಾವುದು ಒಳ್ಳೆಯದು?” ಪತ್ರ ಓದಿ ನನಗೆ ಗಾಬರಿಯಾದದ್ದು ಕೋವಿಗಳು ಇನ್ನೂ ಬೀರುವಿನಲ್ಲಿವೆ ಎಂಬುದಕ್ಕೆ. ಆ ಮಾತನ್ನು ಅವರಿಗೆ ಅಂದೇ ಫೋನಿನಲ್ಲಿ ತಿಳಿಸಿದೆ; ಇಲ್ಲಿ ಕೊನೆಗೆ ಬರೆಯುತ್ತೇನೆ.

ಮೊದಲು ಮೊಲದ ವಿಚಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ‘ಚಿಕ್ಕ ಬೇಟೆ’ ಎಂಬ ಲೈಸೆನ್ಸು ಕಾಯಿದೆಯಲ್ಲಿಯೇ ಇತ್ತು. ಮೊಲ ಆ ಪಟ್ಟಿಯ ಪ್ರಾಣಿ. ನಮ್ಮ ಹಿರಿಯರು ಹೇಳುವ ಷಿಕಾರಿ ಕತೆಗಳು ಆ ಕಾಲದವು. 1991ರ ತಿದ್ದುಪಡಿಯಿಂದ ಆ ಲೈಸೆನ್ಸುಗಳೆಲ್ಲ ರದ್ದಾದವು. ಇಂದು ಮೊಲವನ್ನಾಗಲಿ ಕಾಡುಕೋಳಿಯನ್ನಾಗಲಿ ಬೇಟೆಯಾಡಲು ಬೆಳೆಗಾರನಿಗೆ ದಾರಿಯಿಲ್ಲ. ಶಿಕ್ಷೆಯಾದರೆ ಜೈಲು, ದಂಡ ಎರಡೂ ಬರಬಹುದು. ಕೋವಿ ಮುಟ್ಟುಗೋಲಾಗಬಹುದು, ಲೈಸೆನ್ಸು ರದ್ದಾಗಿ ಐದು ವರ್ಷ ಮತ್ತೆ ಸಿಗದಂತೆ ನ್ಯಾಯಾಲಯ ಆಜ್ಞೆ ಮಾಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ ಆಯುಧ ಕಾಯಿದೆಯದು, ಬೇಟೆಯದಲ್ಲ. ಇದನ್ನು ಹಲವರು ಬೆರೆಸಿಬಿಡುತ್ತಾರೆ.

ಇನ್ನು ರೈಫಲ್ಲು. ಒಂದೇ ‘.22’ ಎಂಬ ಹೆಸರಿನಲ್ಲಿ ಬಹಳ ಅಂತರವಿದೆ. ಸಾಮಾನ್ಯ .22 ರಿಂ ಫೈರ್ ಕಾಡತೂಸಿನಲ್ಲಿ ಕುದುರೆ ಬಡಿಯುವುದು ಅಂಚಿಗೆ. ಅದರ ಗುಂಡು 40 ಗ್ರೇನ್ ತೂಕ, ಸೆಕೆಂಡಿಗೆ 330ರಿಂದ 380 ಮೀಟರು ವೇಗ. 1930ರಲ್ಲಿ ಅಮೆರಿಕದ ಪೇಟೆಗೆ ಬಂದ ಹಾರ್ನೆಟ್ ಸೆಂಟರ್ ಫೈರ್. ತಳದ ನಡುವೆ ಕೇಪು. ಗುಂಡು 45 ಗ್ರೇನ್ ಅಷ್ಟೆ, ಆದರೆ ವೇಗ ಸುಮಾರು 820 ಮೀಟರು. ಹೊಡೆತದ ಬಲ ಐದರಿಂದ ಏಳು ಪಟ್ಟು. 1950ರ .222 ರೆಮಿಂಗ್ಟನ್ ಇನ್ನೂ ವೇಗದ್ದು, 950 ಮೀಟರಿನ ಆಸುಪಾಸು. ಹುಲ್ಲುಗಾವಲಿನ ದೇಶಗಳಲ್ಲಿ 150–200 ಗಜ ದೂರದ ನರಿಗೆ, ಮೊಲಕ್ಕೆ ಇವನ್ನು ಮಾಡಿದ್ದು. ಸೀಸದ ಮೂತಿಯ ಗುಂಡು ತಗುಲಿದ ಕೂಡಲೆ ಒಡೆಯುತ್ತದೆ. ಪೂರ್ತಿ ತಾಮ್ರದ ಕವಚದ್ದು ಹಾದುಹೋಗುತ್ತದೆ. ನಮ್ಮ ಸರ್ಕಾರಿ ಕಾರ್ಖಾನೆಗಳು .22 ರಿಂ ಫೈರ್, .315, 12 ಬೋರುಗಳಿಗೆ ಕಾಡತೂಸು ಮಾಡುತ್ತ ಬಂದಿವೆ. ಹಾರ್ನೆಟ್ಟಿನದು ಹೊರದೇಶದ ಸರಕು.

ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ರೈಫಲ್ಲಿನ ಮೋಹ ಸಹಜ. ಅವರೂ ಮೂಡಿಗೆರೆಯ ಕಾಫಿ ಬೆಳೆಗಾರರೇ. ಆದರೆ ಕೆನೆತ್ ಆಂಡರ್ಸನ್ ಕೈಯಲ್ಲಿದ್ದದ್ದು .405 ವಿಂಚೆಸ್ಟರ್; ಆತ ಹೊರಟದ್ದು ನರಭಕ್ಷಕಗಳ ಹಿಂದೆ. ಅಡಿಕೆಯ ಸಾಲಿನಲ್ಲಿ ನಿಂತು ಆ ಕತೆ ನೆನೆಯಬಾರದು.

ಏಕೆಂದರೆ ನಮ್ಮ ತೋಟಗಳಲ್ಲಿ ಮೂವತ್ತು ಗಜದಾಚೆ ಕಾಣುವುದೇ ಅಪರೂಪ. ಗಿಡದ ಹಿಂದೆ ಗಿಡ, ಅದರ ಹಿಂದೆ ಧರೆ, ಧರೆಯ ಕೆಳಗೆ ಕೂಲಿ ಲೈನು. ಪುಟ್ಟ .22 ರಿಂ ಫೈರ್ ಗುಂಡೂ ಒಂದೂವರೆ ಮೈಲಿಯವರೆಗೆ ಅಪಾಯವೆಂದು ಅದರ ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಗುರಿ ಸರಿಮಾಡಲೆಂದು ಬಂಡೆಯ ಮೇಲೆ ಡಬ್ಬಿಯಿಟ್ಟು ಲೈಸೆನ್ಸಿನ .22ರಿಂದ ಹೊಡೆದೆ. ಡಬ್ಬಿ ಅಲ್ಲಾಡಲಿಲ್ಲ; ಬಂಡೆಗೆ ತಾಗಿದ ಗುಂಡು ಕುಂಯ್ ಎಂದು ಹೋಯಿತು. ಸಂಜೆ ನೋಡಿದರೆ ಇಳಿಜಾರಿನಲ್ಲಿ ಮುನ್ನೂರು ಗಜ ಕೆಳಗಿನ ಪಲ್ಪರ್ ಮನೆಯ ತಗಡಿನಲ್ಲಿ ತೂತು, ಎದೆಯೆತ್ತರಕ್ಕೆ. ಹಣ್ಣು ಆರಿಸುವ ಹೆಂಗಸರು ಊಟಕ್ಕೆ ಎದ್ದಿದ್ದರು. ಆಮೇಲೆ ನಾನು ತೋಟದಲ್ಲಿ ರೈಫಲ್ಲು ಮುಟ್ಟಿಲ್ಲ. ಹಂದಿಯೆಂದು ಭಾವಿಸಿ ಮನುಷ್ಯನಿಗೆ ಹೊಡೆದ ಸುದ್ದಿಗಳನ್ನು ಮಲೆನಾಡಿನಲ್ಲಿ ನಾವೆಲ್ಲ ಓದಿದವರೇ.

ಬೆಳೆ ಕಾಯಲು ಕಾನೂನು ಎಣಿಸಿರುವುದೂ ರೈಫಲ್ಲನ್ನಲ್ಲ. 1959ರ ಆಯುಧ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ಹೇಳುವುದು ಕೇಪಿನ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ಅದನ್ನು ಬಳಸುವುದಕ್ಕೂ ಮುಂಚೆ, ಬೆಳೆ ಹಾಳುಮಾಡುವ ಕಾಡುಹಂದಿಗೆ ವನ್ಯಜೀವಿ ಕಾಯಿದೆಯ 11ನೆಯ ಕಲಮಿನಂತೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಕೈಯಲ್ಲಿರಬೇಕು. ಬಾಯಿಮಾತಿನ ಒಪ್ಪಿಗೆ ಕೋರ್ಟಿನಲ್ಲಿ ನಿಲ್ಲದು.

12 ಬೋರೂ ಆಟದ ಸಾಮಾನಲ್ಲ. 4ನೇ ನಂಬರಿನ ಚರೆ ಸುಮಾರು 250 ಗಜ ಹೋಗಿ ಬಿದ್ದರೆ, ಎಸ್.ಜಿ. ಚರೆ 700 ಗಜದಷ್ಟು ಹೋಗುತ್ತದೆ. ಗುರಿಗೆ ನಂಬಬಹುದಾದದ್ದು ಮಾತ್ರ ಮೂವತ್ತೈದು, ನಲವತ್ತು ಗಜ.

ಇದಕ್ಕಿಂತ ಮುಖ್ಯವಾದದ್ದು ಹಳೆಯ ಕೋವಿಯ ಕಾಡತೂಸು ಕೋಣೆ. ಹಿಂದಿನ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟಕ್ಕೆ ಕೋಣೆ ಎರಡೂವರೆ ಅಂಗುಲ, ಎಂದರೆ 65 ಮಿ.ಮೀ. ಈಗ ಹೆಚ್ಚಾಗಿ ಸಿಗುವುದು 70 ಮಿ.ಮೀ. ಕಾಡತೂಸು. ಈ ಅಳತೆ ಸುಟ್ಟು ಬಾಯಿ ಬಿಚ್ಚಿಕೊಂಡ ಮೇಲಿನದು. ಆದ್ದರಿಂದ ಸುಡದ 70ರದು 65ರ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಏನೂ ತಪ್ಪು ಕಾಣುವುದಿಲ್ಲ. ಕುದುರೆ ಬಿದ್ದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ತೆಳುವಾಗಿದ್ದರೆ, ತುಕ್ಕು ಹಿಡಿದಿದ್ದರೆ ಒಡೆಯಬಹುದು. ಆಗ ಹೋಗುವುದು ಎಡಗೈ. ಹಾವಿನ ಚರ್ಮದಂತೆ ಗೆರೆಯಿರುವ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ‘ನೈಟ್ರೋ ಪ್ರೂಫ್’ ಎಂಬ ಮುದ್ರೆ ಕಾಣದಿದ್ದರೆ ಇಂದಿನ ಕಾಡತೂಸು ತುಂಬಲೇಬೇಡಿ. ಲೈಸೆನ್ಸುಳ್ಳ ಕೋವಿ ವ್ಯಾಪಾರಿಯ ಬಳಿ ಕೋಣೆ ಅಳೆಸಿಕೊಳ್ಳಿ.

ಈಗ ಬೀರುವಿನ ಮಾತು. ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನೂ ಕಾಡತೂಸನ್ನೂ ವಾರಸುದಾರರು ತಡಮಾಡದೆ ಪೊಲೀಸು ಠಾಣೆಯಲ್ಲಾಗಲಿ ಲೈಸೆನ್ಸುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು ರಸೀದಿ ಪಡೆಯಬೇಕು. ಅನಂತರ 2016ರ ಆಯುಧ ನಿಯಮಗಳ 25ನೆಯ ನಿಯಮದಂತೆ ತಮ್ಮ ಹೆಸರಿಗೆ ಅರ್ಜಿ. ಬೆಂಗಳೂರು ನಗರದ ವಾಸಿಗಳು ಪೊಲೀಸು ಕಮಿಷನರಿಗೆ, ಜಿಲ್ಲೆಯವರು ಜಿಲ್ಲಾಧಿಕಾರಿಗೆ. ಎಪ್ಪತ್ತು ತುಂಬಿದವರು ಅಥವಾ ಇಪ್ಪತ್ತೈದು ವರ್ಷ ಕೋವಿ ಇಟ್ಟುಕೊಂಡವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ಇದೇ ನಿಯಮದಲ್ಲಿ ಅವಕಾಶವಿದೆ. ನಮ್ಮಲ್ಲಿ ಅಂಥ ಸದಸ್ಯರು ಹಲವರಿದ್ದಾರೆ, ಮುಂದೂಡುತ್ತಲೇ ಇದ್ದಾರೆ. 2019ರ ತಿದ್ದುಪಡಿಯಂತೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ.

ರಾಮಮೂರ್ತಿ ನಗರದ ಮಿತ್ರರು ಮರುವಾರವೇ ಬಂದು ಎರಡನ್ನೂ ಠೇವಣಿ ಇಟ್ಟರು. 12 ಬೋರನ್ನು ಉಳಿಸಿಕೊಳ್ಳಲು ಅರ್ಜಿ ಹಾಕುತ್ತಾರಂತೆ. ಹಾರ್ನೆಟ್ಟನ್ನು ವ್ಯಾಪಾರಿಯ ಮೂಲಕ ಮಾರಲು ಯೋಚಿಸಿದ್ದಾರೆ. ವ್ಯಾಪಾರಿ ಕೋಣೆ ಅಳೆದಾಗ 65 ಮಿ.ಮೀ. ಬಂತು. ತಂದೆಯವರ ಡ್ರಾಯರಿನಲ್ಲಿ ಉಳಿದಿದ್ದ ಅರ್ಧ ಪೆಟ್ಟಿಗೆ ಕಾಡತೂಸು 70ರದು.