ನಾಲ್ಕಿರಬೇಕಾದಲ್ಲಿ ಆರು ಕೋರೆಹಲ್ಲು

ಪ್ರಶ್ನೆ: ನಮ್ಮ ಪೊಮೇರಿಯನ್ ಹೆಣ್ಣುಮರಿಗೆ ಐದೂವರೆ ತಿಂಗಳು, ತೂಕ 1 ಕೆ.ಜಿ. 900 ಗ್ರಾಂ. ಸಂತಾನಹರಣ ಆಪರೇಷನ್ ಮಾಡಿಸಬೇಕೆಂದಿದ್ದೇವೆ. ‘ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ’ ಎನ್ನುತ್ತಾರೆ ಅತ್ತೆಯವರು. ಈ ನಡುವೆ ಅದರ ಮೇಲ್ದವಡೆಯ ಎರಡೂ ಬದಿಯಲ್ಲಿ ಜೋಡಿ ಕೋರೆಹಲ್ಲು ಕಾಣುತ್ತಿದೆ. ಮೊದಲು ಯಾವುದನ್ನು ಮಾಡಿಸಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡನ್ನೂ ಒಂದೇ ದಿನ, ಒಂದೇ ಅರಿವಳಿಕೆಯಲ್ಲಿ. ಎರಡು ಕೆ.ಜಿ.ಯೂ ತೂಗದ ಜೀವವನ್ನು ಎರಡೆರಡು ಸಲ ಪ್ರಜ್ಞೆ ತಪ್ಪಿಸುವುದಕ್ಕಿಂತ ಅದು ಮೇಲು, ಖರ್ಚೂ ಕಡಿಮೆ.

ಹಲ್ಲಿನ ಲೆಕ್ಕ ಹೀಗಿದೆ. ನಾಯಿಮರಿಗೆ ಹಾಲುಹಲ್ಲು 28, ದೊಡ್ಡದಾದ ಮೇಲೆ 42. ಮೂರನೇ ತಿಂಗಳಿಂದ ಶುರುವಾಗುವ ಈ ಬದಲಾವಣೆ ಆರು–ಏಳು ತಿಂಗಳಿಗೆ ಮುಗಿಯಬೇಕು. ಪೊಮೇರಿಯನ್, ಶಿಟ್ಜು, ಚಿಹುವಾಹುವಾದಂಥ ಪುಟ್ಟ ತಳಿಗಳಲ್ಲಿ ಮಾತ್ರ ಹಾಲುಹಲ್ಲು, ಅದರಲ್ಲೂ ಕೋರೆ, ಸುಲಭಕ್ಕೆ ಜಾಗ ಬಿಡುವುದಿಲ್ಲ. ಬಾಡಿಗೆಯವರು ಮನೆ ಖಾಲಿ ಮಾಡುವ ಮೊದಲೇ ಮಾಲೀಕರು ಸಾಮಾನು ತಂದು ಇಳಿಸಿದಂತಾಗುತ್ತದೆ.

ತುಟಿ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಸೂಜಿಯಂತೆ ಸಪೂರವಾಗಿ ಬಾಗಿರುವುದು ಹಾಲುಹಲ್ಲು. ಅದರ ಮುಂದೆ ದಪ್ಪಗೆ ಮೂಡುತ್ತಿರುವುದು ಶಾಶ್ವತ ಹಲ್ಲು. ಕೆಳದವಡೆಯಲ್ಲಾದರೆ ಹೊಸ ಕೋರೆ ಹಳೆಯದರ ಒಳಬದಿಯಲ್ಲಿ, ನಾಲಿಗೆಯ ಕಡೆಗೆ ಹುಟ್ಟುತ್ತದೆ. ಹಳೆಯದು ಕದಲದಿದ್ದರೆ ಹೊಸದು ಒಳಗೇ ಬೆಳೆದು ಅಂಗುಳಕ್ಕೆ ಚುಚ್ಚತೊಡಗುತ್ತದೆ. ಹಾಗೆ ಚುಚ್ಚುತ್ತಿದ್ದರೆ ಆಪರೇಷನ್ ದಿನಕ್ಕೂ ಕಾಯದೆ ವೈದ್ಯರಿಗೆ ತೋರಿಸಬೇಕು. ಮೇಲಿನ ಜೋಡಿಹಲ್ಲಿನ ಕಷ್ಟ ಬೇರೆ. ಎರಡರ ಸಂದಿನಲ್ಲಿ ಕೂದಲು, ಅನ್ನದಗುಳು ಸಿಕ್ಕಿ ಕೊಳೆತು, ವಸಡು ಕೆಂಪಾಗಿ, ಹೊಸ ಹಲ್ಲಿನ ಬುಡವೇ ಸಡಿಲವಾಗುತ್ತದೆ.

ಮನೆಯಲ್ಲೇ ಇಕ್ಕಳ ಹಿಡಿದು ಕೀಳುವ ಧೈರ್ಯ ಬೇಡ. ಹಾಲುಕೋರೆಯ ಬೇರು ಹೊರಗೆ ಕಾಣುವ ಹಲ್ಲಿಗಿಂತ ಉದ್ದ, ಕಡ್ಡಿಯಂತೆ ತೆಳು. ಮುರಿದರೆ ತುಂಡು ಒಳಗೇ ಉಳಿದು ಕೀವಾಗುತ್ತದೆ. ತಾನಾಗಿ ಅಲುಗಾಡುತ್ತಿದ್ದರೆ ಬಿಟ್ಟುಬಿಡಿ, ಬಿದ್ದೀತು. ಅದನ್ನು ಮರಿ ನುಂಗಿದರೂ ಭಯವಿಲ್ಲ.

ಇನ್ನು ಅತ್ತೆಯವರ ಮಾತು. ಕರ್ನಾಟಕದ ಮನೆಮನೆಯಲ್ಲೂ ಕೇಳುವ ಮಾತೇ, ಆದರೆ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಆಧಾರವಿಲ್ಲ. ಹೆರಿಗೆಯಿಂದ ನಾಯಿಯ ಆರೋಗ್ಯವಾಗಲಿ ಸ್ವಭಾವವಾಗಲಿ ಸುಧಾರಿಸುವುದಿಲ್ಲ. ಅದಕ್ಕೆ ಬದಲಾಗಿ, ಚಿಕ್ಕ ತಾಯಿಯ ಇಕ್ಕಟ್ಟಾದ ಸೊಂಟದಲ್ಲಿ ಮರಿ ಸಿಕ್ಕಿಕೊಂಡು ಸಿಸೇರಿಯನ್ ಆಗುವ ಸಂಭವ ಪುಟ್ಟ ತಳಿಗಳಲ್ಲಿ ಹೆಚ್ಚು. ಈ ತಳಿಗಳು ಆರು ತಿಂಗಳಿಂದ ವರ್ಷದೊಳಗೆ ಮೊದಲ ಸಲ ಬೆದೆಗೆ ಬರುತ್ತವೆ. ಅದಕ್ಕೆ ಮುಂಚಿನ ಐದು–ಆರನೇ ತಿಂಗಳು ಆಪರೇಷನ್‌ಗೆ ಒಳ್ಳೆಯ ಸಮಯ.

ಮೊದಲ ಬೆದೆಗೆ ಮುನ್ನ ಮಾಡಿಸಿದರೆ ಸ್ತನದ ಗಡ್ಡೆಯ ಅಪಾಯ ಆಪರೇಷನ್ ಆಗದ ನಾಯಿಗಿರುವುದರ ಶೇ 0.5ರಷ್ಟು, ಒಂದು ಬೆದೆಯ ನಂತರ ಶೇ 8, ಎರಡರ ನಂತರ ಶೇ 26 ಎಂದು 1969ರ ಅಮೆರಿಕದ ಅಧ್ಯಯನವೊಂದು ಹೇಳಿತ್ತು. ಪಶುವೈದ್ಯರು ಇಂದಿಗೂ ಉದಾಹರಿಸುವ ಅಂಕಿಗಳಿವು. ಆದರೆ ಆ ಪುರಾವೆ ಅಷ್ಟು ಗಟ್ಟಿಯಲ್ಲ ಎಂದು 2012ರ ಬ್ರಿಟಿಷ್ ವಿಮರ್ಶೆ ಎಚ್ಚರಿಸಿದೆ. ತಕರಾರಿಲ್ಲದ ಲಾಭ ಬೇರೊಂದಿದೆ: ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವುದಿಲ್ಲ. ಆಪರೇಷನ್ ಆಗದ ಹೆಣ್ಣುನಾಯಿಗಳಲ್ಲಿ ಹತ್ತು ವರ್ಷದೊಳಗೆ ಸುಮಾರು ನಾಲ್ಕಕ್ಕೊಂದಕ್ಕೆ ಈ ಕಾಯಿಲೆ ಬರುತ್ತದೆಂದು ಸ್ವೀಡನ್ನಿನ ವಿಮಾ ದಾಖಲೆಗಳು ತೋರಿಸಿವೆ. ಎಂಟು ವರ್ಷದ ನಾಯಿ, ಬೆದೆ ಮುಗಿದು ಕೆಲವು ವಾರ, ಕೊಡಗಟ್ಟಲೆ ನೀರು ಕುಡಿಯುತ್ತಿದೆ, ಊಟ ಬಿಟ್ಟಿದೆ. ಆಗ ಮಾಡುವುದೂ ಇದೇ ಆಪರೇಷನ್ನು, ಆದರೆ ಜೀವ ಒತ್ತೆ ಇಟ್ಟು.

ಶಿಟ್ಜು ಸಾಕಿದವರಿಗೆ ಒಂದು ಮಾತು. 35 ತಳಿಗಳನ್ನು ಪರಿಶೀಲಿಸಿದ 2020ರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಪುಟ್ಟ ತಳಿಗಳಿಗೆ ಬೇಗನೆ ಆಪರೇಷನ್ ಮಾಡಿಸಿದ್ದರಿಂದ ಕೀಲಿನ ತೊಂದರೆ ಹೆಚ್ಚಿರಲಿಲ್ಲ. ಆದರೆ ಶಿಟ್ಜು ಹೆಣ್ಣುಗಳಲ್ಲಿ ಕೆಲವು ಕ್ಯಾನ್ಸರ್ ಹೆಚ್ಚು ಕಂಡವು. ಆ ತಳಿಗೆ ಯಾವ ವಯಸ್ಸು ಸೂಕ್ತ ಎಂದು ವೈದ್ಯರೊಡನೆ ಬಿಡಿಸಿ ಮಾತಾಡುವುದು ಒಳ್ಳೆಯದು.

ಅಷ್ಟರಲ್ಲಿ ಬೆದೆ ಬಂದೇಬಿಟ್ಟರೆ? ರಕ್ತನಾಳಗಳು ಉಬ್ಬಿರುತ್ತವೆ, ಆಪರೇಷನ್ ವೇಳೆ ರಕ್ತಸ್ರಾವ ಹೆಚ್ಚು. ಎರಡು–ಮೂರು ತಿಂಗಳು ಮುಂದೂಡುವುದು ವಾಡಿಕೆ. ಪುಟ್ಟ ನಾಯಿ ನೆಕ್ಕಿ ನೆಕ್ಕಿ ಬೆದೆಯ ರಕ್ತದ ಗುರುತೇ ಉಳಿಸುವುದಿಲ್ಲ. ಮಲಗುವ ಜಾಗಕ್ಕೆ ಹಳೆಯ ಬಿಳಿ ಪಂಚೆ ಹಾಸಿದರೆ ತಿಳಿಯುತ್ತದೆ.

ಪ್ರಶ್ನೆ: ಆಪರೇಷನ್‌ನ ಹಿಂದಿನ ರಾತ್ರಿಯಿಂದ ಹನಿ ನೀರೂ ಕೊಡಬಾರದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮರಿ ತಡೆದೀತೇ?

ಉತ್ತರ: ತಡೆಯದು. ಪಕ್ಕದ ಮನೆಯವರದು ಬಹುಶಃ ಲ್ಯಾಬ್ರಡಾರ್ ಇರಬೇಕು!

ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗದಿರಲಿ ಎಂದು ಹೊಟ್ಟೆ ಖಾಲಿ ಇಡುವುದು ಸರಿಯೇ. ಆದರೆ ಇಷ್ಟು ಪುಟ್ಟ ಮರಿಯ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ರಾತ್ರಿಯಿಡೀ ಉಪವಾಸ ಕೆಡವಿದರೆ ಬೆಳಿಗ್ಗೆ ರಕ್ತದ ಸಕ್ಕರೆ ಇಳಿದು, ಅರಿವಳಿಕೆಗೆ ಮುಂಚೆಯೇ ಮರಿ ತೂರಾಡಬಹುದು. ಅಮೆರಿಕದ ಪ್ರಾಣಿ ಆಸ್ಪತ್ರೆಗಳ ಸಂಘದ 2020ರ ಮಾರ್ಗಸೂಚಿಯಂತೆ, 2 ಕೆ.ಜಿ.ಗಿಂತ ಹಗುರವಾದ ಮರಿಗೆ ಒಂದೆರಡು ಗಂಟೆಗಿಂತ ಹೆಚ್ಚು ಆಹಾರ ತಪ್ಪಿಸಬಾರದು. ಆರೋಗ್ಯವಂತ ದೊಡ್ಡ ನಾಯಿಗೂ 4ರಿಂದ 6 ಗಂಟೆ ಸಾಕು. ನೀರನ್ನಂತೂ ರಾತ್ರಿಯಿಂದಲೇ ಎತ್ತಿಡುವ ಅಗತ್ಯವಿಲ್ಲ. ಮೈಸೂರಿನ ಈ ಮರಿ ಗಡಿಯ ಮೇಲಿದೆ, ಆದ್ದರಿಂದ ಕೊನೆಯ ತುತ್ತು ಎಷ್ಟು ಗಂಟೆಗೆ ಎಂಬುದನ್ನು ಅರಿವಳಿಕೆ ಕೊಡುವ ವೈದ್ಯರಿಂದಲೇ ಕೇಳಿ ಬರೆದುಕೊಳ್ಳಬೇಕು. ಬೆಳಗಿನ ಮೊದಲ ಆಪರೇಷನ್ ಇದರದೇ ಆಗಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ದಾರಿಯಲ್ಲಿ ಮರಿ ತೂರಾಡಿದರೆ, ನಡುಗಿದರೆ, ಕಣ್ಣು ಮಂಕಾದರೆ ಬೆರಳ ತುದಿಯಲ್ಲಿ ಜೇನುತುಪ್ಪ ತೆಗೆದು ವಸಡಿಗೆ ಸವರಿ, ಆಸ್ಪತ್ರೆ ಸೇರಿದ ಕೂಡಲೇ ತಿಳಿಸಿ. ‘ಶುಗರ್ ಫ್ರೀ’ ಪದಾರ್ಥ ಬೇಡವೇ ಬೇಡ. ಅವುಗಳಲ್ಲಿ ಕೆಲವಕ್ಕೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.

ಪ್ರಶ್ನೆ: ಮರಿ ಚೂಟಿಯಾಗಿದೆ. ರಕ್ತಪರೀಕ್ಷೆ ಬೇಕೇ?

ಉತ್ತರ: ಬೇಕು, ಅದಕ್ಕೆ ಕಾರಣ ಉಣ್ಣೆ. ನಮ್ಮ ಹವೆಯಲ್ಲಿ ವರ್ಷವಿಡೀ ಸಿಗುವ ಈ ಪರೋಪಜೀವಿ ಎರ್ಲಿಕಿಯಾ, ಬಬೇಸಿಯಾ ರೋಗಗಳನ್ನು ಹರಡುತ್ತದೆ. ಎರ್ಲಿಕಿಯಾ ತಗುಲಿದ ನಾಯಿ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಪ್ಲೇಟ್‌ಲೆಟ್ ಕುಸಿದಿರಬಹುದು. ಅಂಥ ದಿನ ಹೊಟ್ಟೆ ಕೊಯ್ದರೆ ರಕ್ತ ನಿಲ್ಲುವುದು ಕಷ್ಟ. ಕಿವಿಯ ಒಳಮಡಿಕೆ, ಬೆರಳುಗಳ ಸಂದು ಬಿಡಿಸಿ ನೋಡಿ. ಪೊಮೇರಿಯನ್ನಿನ ತುಪ್ಪಳದಲ್ಲಿ ಉಣ್ಣೆ ಕಣ್ಣಿಗೆ ಬೀಳುವುದಕ್ಕಿಂತ ಕೈಗೆ ಸಿಗುವುದೇ ಹೆಚ್ಚು. ಲಸಿಕೆ, ಜಂತುಹುಳದ ಔಷಧ ಮುಗಿದಿರಲಿ.

ಅರಿವಳಿಕೆಯಲ್ಲಿರುವಾಗಲೇ ಮಂಡಿಚಿಪ್ಪು ಜಾರುತ್ತದೆಯೇ ಎಂದು ಪರೀಕ್ಷಿಸಲು ಕೇಳಿಕೊಳ್ಳಬಹುದು. ಪುಟ್ಟ ತಳಿಗಳಲ್ಲಿ ಇದು ಸಾಮಾನ್ಯ. ಹೊಕ್ಕುಳ ಬಳಿ ಹರ್ನಿಯಾ ಇದ್ದರೆ ಅದನ್ನೂ ಅಂದೇ ಹೊಲಿಯುತ್ತಾರೆ. ಪುಟ್ಟ ದೇಹ ಬೇಗ ತಣ್ಣಗಾಗುವುದರಿಂದ ಮೈ ಬೆಚ್ಚಗಿಡುವ ಏರ್ಪಾಡು ಇದೆಯೇ ಎಂದೂ ವಿಚಾರಿಸಿ.

ಪ್ರಶ್ನೆ: ಮನೆಗೆ ತಂದ ಮೇಲೆ?

ಉತ್ತರ: 10ರಿಂದ 14 ದಿನ ಜಿಗಿತವಿಲ್ಲ, ಸ್ನಾನವಿಲ್ಲ, ಸೋಫಾ ಹತ್ತುವಂತಿಲ್ಲ. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಬೇಕು. ಅದು ಒಗ್ಗದಿದ್ದರೆ ಹಸುಗೂಸಿನ ಅಂಗಿಯೂ ಆದೀತು. ಹಲ್ಲು ಕಿತ್ತ ಕೆಲವು ದಿನ ಮೆತ್ತನೆಯ ಊಟ, ಬಟ್ಟೆ ಎಳೆದಾಡುವ ಆಟ ಬಂದ್. ನೋವಿಗೆಂದು ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಗಾಯ ಮಾಸಿದ ಮೇಲೆ ದಿನದ ಊಟದಲ್ಲಿ ಸುಮಾರು ಕಾಲು ಭಾಗ ತಗ್ಗಿಸಬೇಕಾದೀತು, ಏಕೆಂದರೆ ಹಸಿವು ಹೆಚ್ಚುತ್ತದೆ, ಖರ್ಚಾಗುವ ಶಕ್ತಿ ಇಳಿಯುತ್ತದೆ. ಬೆಳೆಯುವ ಮರಿಯಾದ್ದರಿಂದ ತೂಕ ನೋಡಿಕೊಂಡೇ ಕಡಿತ ಮಾಡಿ. ಆಪರೇಷನ್ ಆದ ನಾಯಿ ದಪ್ಪಗಾಗುತ್ತದೆ ಎಂಬ ದೂರಿನ ಅರ್ಧ ಪಾಲು ನಾವು ಹಾಕುವ ಬಿಸ್ಕತ್ತಿನದು.

ಬ್ರಷ್ ಮಾಡುವ ಅಭ್ಯಾಸವನ್ನು ವಸಡು ಮಾಸಿದ ಬಳಿಕ ಶುರು ಮಾಡಿ. ಮೊದಲು ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲಿನ ಹೊರಮೈ ಒರೆಸುವುದು, ನಂತರ ಮಕ್ಕಳ ಮೆತ್ತನೆಯ ಬ್ರಷ್. ಪೇಸ್ಟ್ ನಾಯಿಯದೇ ಆಗಬೇಕು. ಹಲ್ಲಿನ ಮೇಲಿನ ಲೋಳೆ ಎರಡು–ಮೂರು ದಿನದಲ್ಲೇ ಗಟ್ಟಿಯಾಗಿ ಕಿಟ್ಟ ಕಟ್ಟುತ್ತದೆ, ಹಾಗಾಗಿ ವಾರಕ್ಕೊಮ್ಮೆಯ ಶಾಸ್ತ್ರದಿಂದ ಪ್ರಯೋಜನವಿಲ್ಲ. ಮಟನ್ ಮೂಳೆ ಕೊಟ್ಟರೆ ಹಲ್ಲು ಸ್ವಚ್ಛವಾಗುತ್ತದೆ ಎಂಬ ನಂಬಿಕೆಗೆ ಎಷ್ಟೋ ದವಡೆಹಲ್ಲು ಬಲಿಯಾಗಿವೆ.

ನಾಯಿಗೆ ಕೋರೆಹಲ್ಲು ನಾಲ್ಕೇ ಇರಬೇಕು. ಮೈಸೂರಿನ ಮರಿಯ ಬಾಯಲ್ಲಿ ಸದ್ಯಕ್ಕೆ ಆರಿವೆ. ಆಪರೇಷನ್ ದಿನ ಬೆಳಿಗ್ಗೆ ತುಟಿ ಎತ್ತಿ ಮತ್ತೊಮ್ಮೆ ಎಣಿಸಿ, ಆ ಸಂಖ್ಯೆಯನ್ನು ವೈದ್ಯರಿಗೆ ಹೇಳಿ.