ಗಡಸು ನೀರಿನ ಕೊಳವೆ ಮತ್ತು ಹೃದಯದ ರಕ್ತನಾಳ: ಸಿ.ಆರ್.ಪಿ. ಕುರಿತು ಒಂದು ಪಾಠ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಜೀವಕ್ರಿಯೆಗಳು. ಉಪಘಟಕ: ಉರಿಯೂತದ ರಕ್ತಸೂಚಕಗಳು. ಅವಧಿ: 40 ನಿಮಿಷ.

ಪಾಠದ ಅಗತ್ಯ

ಕೋವಿಡ್ ಕಾಲದಿಂದ ‘ಸಿ.ಆರ್.ಪಿ.’ ಎಂಬ ಹೆಸರು ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಗೂ ತಲುಪಿದೆ. ಮನೆಯಲ್ಲಿ ಲ್ಯಾಬ್ ವರದಿ ಓದಿ ಹೇಳುವವರು ಹಲವೆಡೆ ಶಾಲೆಯ ಮಕ್ಕಳೇ. ಹಾಗಾಗಿ ರಕ್ತಪರಿಚಲನೆಯ ಪಾಠಕ್ಕೆ ಈ ಅಂಶವನ್ನು ಸೇರಿಸಿಕೊಂಡೆ.

ಪೀಠಿಕೆ

“ತೊಗರಿ ಕೂಳೆ ಕಾಲಿಗೆ ಚುಚ್ಚಿದರೆ ಏನಾಗುತ್ತದೆ?” ಎಂದು ಕೇಳಿದೆ. ಕೆಂಪಾಗುವುದು, ಬಾವು, ಬಿಸಿ, ನೋವು ಎಂಬ ನಾಲ್ಕೂ ಲಕ್ಷಣಗಳು ಮಕ್ಕಳಿಂದಲೇ ಬಂದವು. ಇದೇ ಉರಿಯೂತ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಬೋಧನಾಂಶಗಳು

1. ಹೋಲಿಕೆ ಮತ್ತು ಅದರ ಮಿತಿ: ವಾಡಿ, ಶಹಾಬಾದ್ ಸುಣ್ಣಕಲ್ಲಿನ ನೆಲ. ಗಡಸು ನೀರು ಹರಿಯುವ ಕೊಳವೆಯೊಳಗೆ ಬಿಳಿ ಪದರ ಕಟ್ಟುವುದನ್ನು ಮಕ್ಕಳು ಕಂಡಿದ್ದಾರೆ. ರಕ್ತನಾಳದಲ್ಲಿ ಕೊಬ್ಬು ಕಟ್ಟುವುದೂ ಹೀಗೆಯೇ ಎಂದು ಅವರು ಹೇಳಿದರು. ನಾಳ ಕಿರಿದಾಗುತ್ತದೆ ಎಂಬಷ್ಟಕ್ಕೆ ಹೋಲಿಕೆ ಸರಿ. ಆದರೆ ಕೊಳವೆ ನಿರ್ಜೀವ, ನಾಳದ ಗೋಡೆ ಸಜೀವ. ಕೊಲೆಸ್ಟೆರಾಲ್ ಗೋಡೆಯ ಒಳಗೇ ಸೇರುತ್ತದೆ. ಬಿಳಿ ರಕ್ತಕಣಗಳು ಅದನ್ನು ನುಂಗಲು ಬರುತ್ತವೆ. ಅಲ್ಲಿ ಉರಿಯೂತ ಮುಂದುವರಿಯುತ್ತದೆ. ಗಡ್ಡೆಯ ಮೇಲ್ಪದರ ತೆಳುವಾಗಿ ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ.

2. ಸಿ-ರಿಯಾಕ್ಟಿವ್ ಪ್ರೋಟೀನ್: 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಬಂದಾಗ ಯಕೃತ್ತು ಇದನ್ನು ಹೆಚ್ಚು ತಯಾರಿಸುತ್ತದೆ.

3. ಅಂಕಿಗಳ ಓದು: ಹೃದಯದ ಅಪಾಯ ಅಂದಾಜಿಸಲು ಹೈ-ಸೆನ್ಸಿಟಿವಿಟಿ ಸಿ.ಆರ್.ಪಿ. ಪರೀಕ್ಷೆ ಬೇಕು. ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ. 1ರಿಂದ 3 ಮಧ್ಯಮ. 3ಕ್ಕಿಂತ ಹೆಚ್ಚಿದ್ದರೆ ಅಧಿಕ. 10 ದಾಟಿದರೆ ಮೊದಲು ಸೋಂಕು, ಗಾಯಗಳನ್ನು ಹುಡುಕಬೇಕು. ಅದು ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಏಕಮಾನವನ್ನೂ ನೋಡಬೇಕು: ಡೆಸಿಲೀಟರಿಗೆ 0.4 ಎಂದರೆ ಲೀಟರಿಗೆ 4.

4. ಸೂಚಕವೋ, ಕಾರಣವೋ? ಹೊಗೆ ಕಂಡರೆ ಬೆಂಕಿಯ ಅನುಮಾನ. ಹೊಗೆಯನ್ನು ಬೀಸಿ ಓಡಿಸಿದರೆ ಬೆಂಕಿ ಆರದು. ಸಿ.ಆರ್.ಪಿ. ಹೊಗೆಯಂತೆ. 2017ರ ಕ್ಯಾಂಟೋಸ್ ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದ 10,000ಕ್ಕೂ ಹೆಚ್ಚು ಜನರಿದ್ದರು. ಕೊಲೆಸ್ಟೆರಾಲ್ ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸಿದ ಔಷಧಿಯ 150 ಮಿ.ಗ್ರಾಂ ಪ್ರಮಾಣದಿಂದ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವುಗಳು ಒಟ್ಟಾರೆ ಸುಮಾರು ಶೇ. 15ರಷ್ಟು ಕಡಿಮೆಯಾದವು. ಆದರೆ ಮಾರಕ ಸೋಂಕುಗಳು ಹೆಚ್ಚಿದವು.

ವಿದ್ಯಾರ್ಥಿಯ ಪ್ರಶ್ನೆ

“ಸಿ.ಆರ್.ಪಿ. ನಾರ್ಮಲ್ ಬಂದ್ರ ಎದಿಗೆ ಏನೂ ಆಗಂಗಿಲ್ಲೇನ್ರಿ ಸರ್?” ಇಡೀ ಪಾಠದ ತಿರುಳು ಈ ಪ್ರಶ್ನೆಯಲ್ಲಿತ್ತು. ಬೀಡಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟೆರಾಲ್ ಇವೆಲ್ಲ ಸೇರಿ ಅಪಾಯ ನಿರ್ಧಾರವಾಗುತ್ತದೆ, ಸಿ.ಆರ್.ಪಿ. ಅದರಲ್ಲಿ ಒಂದು ಅಂಶ ಮಾತ್ರ ಎಂದು ವಿವರಿಸಿದೆ. ಎದೆನೋವು ಬಂದಾಗ ಈ ವರದಿಗಾಗಿ ಕಾಯಬಾರದು; ತಕ್ಷಣ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು. ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ ಟ್ರೋಪೋನಿನ್, ಸಿ.ಆರ್.ಪಿ. ಅಲ್ಲ.

ಮೌಲ್ಯಮಾಪನ

1. ಗಡಸು ನೀರಿನ ಹೋಲಿಕೆ ಎಲ್ಲಿ ಸೋಲುತ್ತದೆ?
2. ಜ್ವರವಿರುವವನ ಸಿ.ಆರ್.ಪಿ. ಲೀಟರಿಗೆ 40 ಮಿ.ಗ್ರಾಂ. ಅವನಿಗೆ ಹೃದ್ರೋಗವಿದೆ ಎನ್ನಬಹುದೇ? ಕಾರಣ ಕೊಡಿ.

ಗೃಹಪಾಠ

ಎದೆನೋವು ಬಂದರೆ ನಿಮ್ಮ ಮನೆಯಿಂದ ಇ.ಸಿ.ಜಿ. ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿ ಮತ್ತು ತಗಲುವ ಸಮಯವನ್ನು ಹಿರಿಯರನ್ನು ಕೇಳಿ ಬರೆಯಿರಿ. 108 ಸಂಖ್ಯೆಯನ್ನೂ ಅದರ ಪಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿ.